ಐಯಾಟಾ ಕೋಡ್ ತಗೊಳ್ಳೋದಾ, ಬೆಂಗಳೂರಿನ ಏಜೆಂಟ್ ಮೂಲಕವೇ ಕಳಿಸೋದಾ? ವಿಮಾನ ಸರಕಿನ ಬಾಡಿಗೆ ಚುಕ್ತಾ ಮಾಡುವ ದಾರಿಗಳ ಹೋಲಿಕೆ

ಹೋದ ತಿಂಗಳು ಚಿತ್ರದುರ್ಗದಿಂದ ಒಬ್ಬ ಹುಡುಗ ನಮ್ಮ ಕಚೇರಿಗೆ ಬಂದಿದ್ದ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ, ನುಗ್ಗೆಕಾಯಿ, ಹಸಿಮೆಣಸಿನಕಾಯಿಯನ್ನು ಕೊಲ್ಲಿ ದೇಶಗಳಿಗೆ ಕಳಿಸುವ ನಾಲ್ಕೈದು ಜನರಿಗೆ ವಿಮಾನದ ಬುಕಿಂಗ್ ಮಾಡಿಸಿಕೊಡುತ್ತಾನೆ. ನಾನು ದಾವಣಗೆರೆಯಲ್ಲಿ ಇಂಥವರ ಲೆಕ್ಕಪತ್ರ ನೋಡಿಕೊಳ್ಳುವವಳು. ಕುರ್ಚಿ ಎಳೆದುಕೊಂಡು ಕೂತವನೇ ಕೇಳಿದ: "ಅಕ್ಕಾ, ಐಯಾಟಾ ಕೋಡ್ ತಗಳ್ಳೋದಾ, ಬ್ಯಾಡ್ವಾ? ಕ್ಯಾಸ್‌ಗೆ ಸೇರಿದ್ರೆ ಏರ್‌ಲೈನ್ಸ್‌ನೋರು ಉದ್ರಿ ಕೊಡ್ತಾರಂತೆ."

ಅವನ ಕೊನೆಯ ಮಾತು ಕೇಳಿ ನನಗೆ ದಿಗಿಲಾಯಿತು. ಕ್ಯಾಸ್ ಎಂದರೆ ಉದ್ರಿ ಎಂದು ನಂಬಿ ಸೇರಿದವರು ಎಲ್ಲಿ ಸಿಕ್ಕಿಬೀಳುತ್ತಾರೆಂದು ಲೆಕ್ಕದ ಪುಸ್ತಕದಲ್ಲಿ ನೋಡಿದವಳು ನಾನು. ಅವನಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಸ್ ಅಂದರೆ ಏನು, ಮಂಡಿಯ ಲೆಕ್ಕದಲ್ಲಿ

ಐಯಾಟಾ ಎಂದರೆ ವಿಮಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟ. 1945ರಲ್ಲಿ ಹವಾನಾದಲ್ಲಿ ಶುರುವಾಯಿತು, ಮುಖ್ಯ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಏಜೆಂಟರಿಂದ ಏರ್‌ಲೈನ್ಸ್‌ಗೆ ಬರಬೇಕಾದ ಸರಕು ಬಾಡಿಗೆಯನ್ನು ಒಂದೇ ಕಡೆ ಬಿಲ್ ಮಾಡಿ, ಒಂದೇ ಕಡೆ ವಸೂಲಿ ಮಾಡಿ ಹಂಚಲು ಅದು ನಡೆಸುವ ವ್ಯವಸ್ಥೆಯೇ ಕಾರ್ಗೋ ಅಕೌಂಟ್ಸ್ ಸೆಟಲ್‌ಮೆಂಟ್ ಸಿಸ್ಟಮ್. ಬಾಯಿಮಾತಿನಲ್ಲಿ ಕ್ಯಾಸ್. ಫೋನಿನಲ್ಲಿ ಇದು 'ಕ್ಯಾಶ್' ಎಂದು ಕೇಳಿಸುತ್ತದೆ. ವ್ಯವಹಾರದಲ್ಲಿ ಎರಡೂ ಒಂದಕ್ಕೊಂದು ತಿರುಗುಮುರುಗು. ಹಾಗಾಗಿ ದರ ಮಾತಾಡುವಾಗ ಇವೆರಡರಲ್ಲಿ ಯಾವುದೆಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ನಮ್ಮ ಎಪಿಎಂಸಿಯ ದಲಾಲಿ ಅಂಗಡಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ರೈತ ಈರುಳ್ಳಿ ಇಳಿಸುತ್ತಾನೆ, ನಾಲ್ಕು ಜನ ಖರೀದಿದಾರರು ಕೊಳ್ಳುತ್ತಾರೆ. ರೈತ ಆ ನಾಲ್ವರ ಬಾಗಿಲಿಗೂ ಅಲೆಯುವುದಿಲ್ಲ. ದಲಾಲಿ ಅಂಗಡಿಯ ಪಟ್ಟಿ ಹಿಡಿದು ಹಣ ಎಣಿಸಿಕೊಂಡು ಊರಿಗೆ ಹೋಗುತ್ತಾನೆ. ಕ್ಯಾಸ್‌ನಲ್ಲಿ ಏರ್‌ಲೈನ್ಸ್ ರೈತನ ಜಾಗದಲ್ಲಿದೆ, ಏಜೆಂಟ್ ಖರೀದಿದಾರನ ಜಾಗದಲ್ಲಿದ್ದಾನೆ. ಬಿಲ್ಲಿನ ಅವಧಿಯಲ್ಲಿ ಏಜೆಂಟ್ ಆರು ಏರ್‌ಲೈನ್ಸ್‌ನಲ್ಲಿ ನಲವತ್ತು ಏರ್‌ವೇ ಬಿಲ್ (ವಿಮಾನ ಸರಕಿನ ಸಾಗಣೆ ಪತ್ರ) ಮಾಡಿದ್ದರೂ ಅವನಿಗೆ ಬರುವುದು ಒಟ್ಟು ಸೇರಿಸಿದ ಒಂದು ಬಿಲ್. ಅವನು ಕಟ್ಟುವುದೂ ಒಂದೇ ಸಲ. ಆ ಮೊತ್ತ ಮುಂದೆ ಆಯಾ ಏರ್‌ಲೈನ್ಸ್‌ನ ಪಾಲಾಗಿ ಒಡೆದು ಹೋಗುತ್ತದೆ. ಬಿಲ್ಲಿನ ಅವಧಿ ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ ಹದಿನೈದು ದಿನ, ಕೆಲವು ಕಡೆ ತಿಂಗಳು.

ಈ ಹೋಲಿಕೆ ಎರಡು ಜಾಗದಲ್ಲಿ ಮುರಿಯುತ್ತದೆ, ಅವೆರಡೂ ಮುಖ್ಯ. ಮಂಡಿಯಲ್ಲಿ ಹರಾಜು ಕೂಗಿ ದರ ಕಟ್ಟುತ್ತಾರೆ. ಕ್ಯಾಸ್ ದರಕ್ಕೆ ಕೈ ಹಾಕುವುದೇ ಇಲ್ಲ. ಕಿಲೋಗೆ ಎಷ್ಟು ಎನ್ನುವುದು ನೀವು ಮತ್ತು ಏರ್‌ಲೈನ್ಸ್ ಮಾತಾಡಿಕೊಂಡದ್ದು. ಇನ್ನೊಂದು, ದಲಾಲಿ ಎಷ್ಟೋ ಸಲ ಖರೀದಿದಾರನಿಂದ ಹಣ ಬರುವ ಮೊದಲೇ ತನ್ನ ಕೈಯಿಂದ ರೈತನಿಗೆ ಕೊಡುತ್ತಾನೆ. ಕ್ಯಾಸ್ ಯಾರ ಪರವಾಗಿಯೂ ಕೈಯಿಂದ ಒಂದು ರೂಪಾಯಿ ಹಾಕುವುದಿಲ್ಲ. ನಿಮಗೆ ಸಿಗುವ ಕಾಲಾವಕಾಶ ಬಿಲ್ ಆಗುವ ದಿನಕ್ಕೂ ಕಟ್ಟುವ ದಿನಕ್ಕೂ ನಡುವೆ ಇರುವಷ್ಟೇ.

ಏರ್‌ಲೈನ್ಸ್ ತಮ್ಮತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳಲು ಐಯಾಟಾ ಕ್ಲಿಯರಿಂಗ್ ಹೌಸ್ ಅಂತ ಬೇರೆಯೇ ಇದೆ, 1947ರಿಂದ. ಅದಕ್ಕೂ ನಮಗೂ ಸಂಬಂಧವಿಲ್ಲ. ಹೆಸರು ಕೇಳಿ ಗಲಿಬಿಲಿ ಮಾಡಿಕೊಳ್ಳಬೇಡಿ.

ಬೆಂಗಳೂರಿನ ಕನ್ಸಾಲಿಡೇಟರ್ ಮೂಲಕ

ನಮ್ಮ ಎರಡು ಜಿಲ್ಲೆಗಳಲ್ಲಿ ಹೊಸದಾಗಿ ಶುರುಮಾಡುವ ಹೆಚ್ಚಿನವರು ಹಿಡಿಯುವ ದಾರಿ ಇದು. ಸರಕು ಇಲ್ಲಿಂದ ರಾತ್ರಿ ಹೊರಟು ಹಿರಿಯೂರು, ಸಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬೆಳಗಿನ ಜಾವ ಸೇರುತ್ತದೆ. ಅಲ್ಲಿ ಐಯಾಟಾ ಏಜೆಂಟ್ ಆಗಿರುವ ಕನ್ಸಾಲಿಡೇಟರ್ ಹತ್ತು ಜನರ ಸರಕನ್ನು ಒಟ್ಟುಗೂಡಿಸಿ ತನ್ನ ಹೆಸರಿನಲ್ಲಿ ಏರ್‌ಲೈನ್ಸ್‌ಗೆ ಕೊಡುತ್ತಾನೆ. ಏರ್‌ಲೈನ್ಸ್ ಮತ್ತು ಅವನ ನಡುವಿನದು ಮಾಸ್ಟರ್ ಏರ್‌ವೇ ಬಿಲ್. ಅವನು ನಿಮಗೆ ಕೊಡುವುದು ಹೌಸ್ ಏರ್‌ವೇ ಬಿಲ್. ಕ್ಯಾಸ್‌ಗೆ ಕಟ್ಟುವ ಜವಾಬ್ದಾರಿಯೂ ಅವನದೇ.

ಇದರ ಲಾಭ ದೊಡ್ಡದು. ಬಾಡಿಗೆಯ ದರ ತೂಕದ ಮೆಟ್ಟಿಲಿನಂತೆ ಇಳಿಯುತ್ತದೆ: 45 ಕಿಲೋ, 100, 300, 500, 1000. ನಿಮ್ಮ 80 ಕಿಲೋ ಅವನ ರಾಶಿಯಲ್ಲಿ ಸೇರಿದರೆ 500ರ ಮೆಟ್ಟಿಲಿನ ದರ ಅವನಿಗೆ ಸಿಗುತ್ತದೆ, ಅದರಲ್ಲಿ ಒಂದು ಪಾಲು ನಿಮಗೂ ಬರುತ್ತದೆ. ಬ್ಯಾಂಕ್ ಗ್ಯಾರಂಟಿ ಬೇಡ, ತರಬೇತಿ ಪಡೆದ ಸಿಬ್ಬಂದಿಯ ಸಂಬಳ ಬೇಡ.

ಅಪಾಯ ಎಲ್ಲಿದೆ ಎಂದರೆ, ನಿಮ್ಮ ಹಣ ಅವನ ಕೈ ದಾಟಿ ಏರ್‌ಲೈನ್ಸ್‌ಗೆ ಹೋಗಬೇಕು. ಕೆಲವು ವರ್ಷಗಳ ಹಿಂದೆ ನಾನು ಲೆಕ್ಕ ಬರೆಯುತ್ತಿದ್ದ ಒಬ್ಬರ ಹಸಿಮೆಣಸಿನಕಾಯಿ ಎರಡು ದಿನ ಟರ್ಮಿನಲ್‌ನಲ್ಲೇ ಕೂತಿತು. ಬಾಡಿಗೆಯನ್ನು ನಾವು ಮುಂಗಡವಾಗಿ ಪೂರ್ತಿ ಕೊಟ್ಟಾಗಿತ್ತು. ಆ ಏಜೆಂಟ್ ಬೇರೆ ಯಾವುದೋ ಬಾಕಿ ಉಳಿಸಿಕೊಂಡು ಉದ್ರಿ ಕಳೆದುಕೊಂಡಿದ್ದ. ಏರ್‌ಲೈನ್ಸ್ ಅವನಿಂದ ಪ್ರತಿ ಏರ್‌ವೇ ಬಿಲ್‌ಗೂ ರೊಕ್ಕ ಎಣಿಸಿಕೊಂಡೇ ಸರಕು ಹತ್ತಿಸುತ್ತಿತ್ತು. ನಮಗೆ ಗೊತ್ತಾಗಿದ್ದು ಮಾಲು ಮೆತ್ತಗಾದ ಮೇಲೆ. ಆ ಬೆಳೆ ಬೆಳೆದವರ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಕನ್ಸಾಲಿಡೇಟರ್‌ನನ್ನು ಆಯ್ಕೆ ಮಾಡುವಾಗ ದರಕ್ಕಿಂತ ಮೊದಲು ಎರಡು ಮಾತು ಕೇಳಿ. ಮಾಸ್ಟರ್ ಏರ್‌ವೇ ಬಿಲ್ ನಿಮ್ಮದೇ ಸ್ಟಾಕಿನಿಂದ (ಏರ್‌ಲೈನ್ಸ್ ನಿಮಗೆ ಕೊಟ್ಟ ನಂಬರುಗಳಿಂದ) ಬರುತ್ತದೋ, ಇನ್ನೊಬ್ಬರಿಂದ ತರುತ್ತೀರೋ? ಏಜೆಂಟ್ ಕೋಡ್ ಎಷ್ಟು? ಐಯಾಟಾ ಏಜೆಂಟ್‌ನ ಕೋಡ್ ಏಳು ಅಂಕಿಯದು, ಅದರ ಮುಂದೆ ಕ್ಯಾಸ್‌ನ ನಾಲ್ಕು ಅಂಕಿ ಸೇರಿರುತ್ತದೆ. ಏರ್‌ವೇ ಬಿಲ್‌ನಲ್ಲೇ ಅದನ್ನು ಬರೆಯುವ ಜಾಗವಿದೆ. ಹೇಳಲು ತಡವರಿಸುವವನು ಬೇರೊಬ್ಬರಿಂದ ಕೊಂಡು ಮಾರುತ್ತಿದ್ದಾನೆ ಎಂದೇ ತಿಳಿಯಿರಿ. ಅದು ತಪ್ಪೇನಲ್ಲ, ಆದರೆ ನಿಮ್ಮ ಹಣ ದಾಟಬೇಕಾದ ಕೈಗಳು ಎರಡಾದವು.

ಹಾಗೆಯೇ ಏರ್‌ವೇ ಬಿಲ್ ನಂಬರನ್ನೂ ಓದಲು ಕಲಿಯಿರಿ. ಒಟ್ಟು ಹನ್ನೊಂದು ಅಂಕಿ. ಮೊದಲ ಮೂರು ಏರ್‌ಲೈನ್ಸ್‌ನ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಕತಾರ್ 157, ಲುಫ್ತಾನ್ಸಾ 020. ನಂತರದ ಏಳು ಕ್ರಮಸಂಖ್ಯೆ. ಕೊನೆಯದು ತಾಳೆ ಅಂಕಿ, ಕ್ರಮಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ. 1234567 ಅನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ, ಹಾಗಾಗಿ ಸರಿಯಾದ ನಂಬರ್ 12345675. ಫೋನಿನಲ್ಲಿ ಕೊಟ್ಟ ನಂಬರ್ ಈ ಲೆಕ್ಕಕ್ಕೆ ಕೂಡದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ.

ಲೆಟರ್ ಆಫ್ ಕ್ರೆಡಿಟ್ (ಸರಿಯಾದ ದಾಖಲೆ ಕೊಟ್ಟರೆ ಹಣ ಕೊಡುತ್ತೇವೆಂದು ಕೊಳ್ಳುವವನ ಬ್ಯಾಂಕ್ ಬರೆದುಕೊಡುವ ಪತ್ರ) ಮೇಲೆ ವ್ಯಾಪಾರ ಮಾಡುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಬ್ಯಾಂಕುಗಳು ಅನುಸರಿಸುವ ಯುಸಿಪಿ 600 ನಿಯಮದ 23ನೇ ಕಲಮಿನ ಪ್ರಕಾರ ಏರ್‌ವೇ ಬಿಲ್‌ನಲ್ಲಿ ಸಾಗಿಸುವ ಸಂಸ್ಥೆಯ ಹೆಸರಿರಬೇಕು, ಆ ಸಂಸ್ಥೆ ಅಥವಾ ಅದರ ಪರವಾಗಿ ಏಜೆಂಟ್ ಸಹಿ ಮಾಡಿರಬೇಕು. ಬರೀ ಫಾರ್ವರ್ಡರ್ ಎಂದು ಸಹಿ ಮಾಡಿದ ಹೌಸ್ ಬಿಲ್ ಕೊಟ್ಟರೆ ಬ್ಯಾಂಕ್ ತಿರಸ್ಕರಿಸಬಹುದು. ಕನ್ಸಾಲಿಡೇಟರ್ ಜೊತೆ ಇದನ್ನು ಸರಕು ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನಿಮಗೆ ಸೇರುವುದು ಸರಕು ಕಳಿಸುವವನ ಮೂಲಪ್ರತಿ, ಕಾಗದದಲ್ಲಿದ್ದರೆ ನೀಲಿ ಬಣ್ಣದ್ದು. ಮತ್ತೊಂದು ವಿಷಯ ಎಲ್ಲರಿಗೂ ಅನ್ವಯಿಸುತ್ತದೆ: ಏರ್‌ವೇ ಬಿಲ್ ಮಾಲಿನ ಒಡೆತನದ ಪತ್ರವಲ್ಲ. ಹಡಗಿನ ಬಿಲ್ ಆಫ್ ಲೇಡಿಂಗ್‌ನಂತೆ ಅದನ್ನು ಹಿಡಿದಿಟ್ಟುಕೊಂಡು ಕೊಳ್ಳುವವನಿಂದ ಹಣ ಬರಲಿ ಎಂದು ಕಾಯಲಾಗದು. ಅದರಲ್ಲಿ ಯಾರ ಹೆಸರು ಬರೆದಿದೆಯೋ ಅವನು ಹೋಗಿ ಬಿಡಿಸಿಕೊಳ್ಳುತ್ತಾನೆ. ಹೊಸ ಗಿರಾಕಿಯಾದರೆ ಅಲ್ಲಿನ ಬ್ಯಾಂಕಿನ ಒಪ್ಪಿಗೆ ಪಡೆದು ಬ್ಯಾಂಕಿನ ಹೆಸರಿಗೇ ಕಳಿಸುವುದು ಕ್ಷೇಮ.

ಏರ್‌ಲೈನ್ಸ್‌ಗೆ ನೇರವಾಗಿ ರೊಕ್ಕ ಕಟ್ಟಿ

ಏರ್‌ಲೈನ್ಸ್‌ನ ಕಚೇರಿಗೋ ಅದರ ಪರವಾಗಿ ಜಾಗ ಮಾರುವ ಜನರಲ್ ಸೇಲ್ಸ್ ಏಜೆಂಟ್‌ಗೋ ಪ್ರತಿ ಸರಕಿಗೂ ಮುಂಗಡ ಕಟ್ಟುವುದು, ಅಥವಾ ಠೇವಣಿ ಇಟ್ಟು ಅದರಲ್ಲಿ ಕಳೆಯುತ್ತಾ ಹೋಗುವುದು. ವಾರಕ್ಕೆ ಒಂದೇ ಊರಿಗೆ, ಒಂದೇ ಏರ್‌ಲೈನ್ಸ್‌ನಲ್ಲಿ, ಹೆಚ್ಚುಕಡಿಮೆ ಒಂದೇ ತೂಕ ಕಳಿಸುವವರಿಗೆ ಇದು ಚೊಕ್ಕ. ಬಾಕಿ ಇಲ್ಲ, ತಕರಾರಿಲ್ಲ. ಎರಡನೇ, ಮೂರನೇ ಏರ್‌ಲೈನ್ಸ್ ಸೇರಿಕೊಂಡ ದಿನದಿಂದ ಠೇವಣಿ ಮೂರು ಕಡೆ ಸಿಕ್ಕಿಕೊಳ್ಳುತ್ತದೆ. ಒಂದು ಕಡೆ ಹಣ ಉಳಿದಿದ್ದರೂ ಇನ್ನೊಂದು ಕಡೆ ಸರಕು ನಿಲ್ಲುತ್ತದೆ.

ಐಯಾಟಾ ಏಜೆಂಟ್ ಆಗಿ ಕ್ಯಾಸ್‌ಗೆ ಸೇರಿ

ಇದಕ್ಕೆ ಹಣಕಾಸಿನ ದಾಖಲೆ ತೋರಿಸಬೇಕು, ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆಗೆ ಸಿದ್ಧರಿರಬೇಕು, ಅಪಾಯಕಾರಿ ಸರಕಿನ ನಿಯಮಗಳಲ್ಲಿ ತರಬೇತಿ ಪಡೆದವರು ಕಚೇರಿಯಲ್ಲಿರಬೇಕು. ಆ ತರಬೇತಿಯನ್ನು 24 ತಿಂಗಳಿಗೊಮ್ಮೆ ನವೀಕರಿಸಬೇಕು. ಇಷ್ಟಾದರೆ ಏರ್‌ಲೈನ್ಸ್ ನಿಮಗೆ ಏರ್‌ವೇ ಬಿಲ್ ಸ್ಟಾಕ್ ಕೊಡುತ್ತವೆ. ಮಾಸ್ಟರ್ ಬಿಲ್ ನಿಮ್ಮ ಹೆಸರಿನಲ್ಲೇ ಆಗುತ್ತದೆ.

ಈಗ ಆ ಹುಡುಗನ 'ಉದ್ರಿ'ಯನ್ನು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬಿಲ್ಲಿನ ಅವಧಿ ಹದಿನೈದು ದಿನ, ಅದು ಮುಗಿದ ಹದಿನೈದು ದಿನಕ್ಕೆ ಕಟ್ಟಬೇಕು ಅಂತಿಟ್ಟುಕೊಳ್ಳಿ. ಒಂದನೇ ತಾರೀಖು ಹೋದ ಸರಕಿಗೆ ನಿಮಗೆ ಸುಮಾರು ಮೂವತ್ತು ದಿನ ಸಿಕ್ಕಿತು. ಹದಿನೈದನೇ ತಾರೀಖು ಹೋದ ಸರಕಿಗೆ ಹದಿನೈದೇ ದಿನ. ನಿಮ್ಮ ರಫ್ತುದಾರರು ನಿಮಗೆ ಕೊಡುವುದು 45 ದಿನಕ್ಕೆ. ಪ್ರತಿ ಅವಧಿಗೆ ಬಾಡಿಗೆ 6 ಲಕ್ಷ, ಜಿಎಸ್‌ಟಿ ಶೇ 18 ಸೇರಿ 7.08 ಲಕ್ಷ. ಮೂವತ್ತನೇ ದಿನ ಮೊದಲ ಬಿಲ್ ಕಟ್ಟಿದಿರಿ, ನಲವತ್ತೈದನೇ ದಿನ ಎರಡನೆಯದು. ರಫ್ತುದಾರನಿಂದ ಮೊದಲ ರೂಪಾಯಿ ಬರುವುದು ನಲವತ್ತಾರನೇ ದಿನ. ಅಲ್ಲಿಗೆ ನಿಮ್ಮ ಕೈಯಿಂದ 14.16 ಲಕ್ಷ ಹೋಗಿದೆ, ಬ್ಯಾಂಕ್ ಗ್ಯಾರಂಟಿಗೆ ಇಟ್ಟ ಮಾರ್ಜಿನ್ ಹಣ ಬೇರೆ. ಇಲ್ಲಿ ಉದ್ರಿ ಕೊಟ್ಟವರು ನೀವು.

ಜಿಎಸ್‌ಟಿಯನ್ನು ಸುಮ್ಮನೆ ಸೇರಿಸಲಿಲ್ಲ. ವಿದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿನ ಬಾಡಿಗೆಗೆ ಇದ್ದ ವಿನಾಯಿತಿ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಂದಿನಿಂದ ಈ ಶೇ 18 ಮೊದಲು ಕೈಯಿಂದ ಹೋಗಿ ಆಮೇಲೆ ಇನ್‌ಪುಟ್ ಕ್ರೆಡಿಟ್ ಆಗಿ ತಿರುಗಿ ಬರುವ ಹಣ. ಕ್ಯಾಸ್‌ನ ಒಟ್ಟು ಬಿಲ್ ಕೈಗೆ ಬಂತೆಂದು ಸುಮ್ಮನಾಗಬೇಡಿ. ಪ್ರತಿ ಏರ್‌ಲೈನ್ಸ್‌ನ ತೆರಿಗೆ ಇನ್‌ವಾಯ್ಸ್ ನಿಮ್ಮ ಜಿಎಸ್‌ಟಿ ನಂಬರಿಗೆ ಬಂದಿದೆಯೇ, ನಿಮಗೆ ಸಿಗಬೇಕಾದ ಕ್ರೆಡಿಟ್ ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತಿದೆಯೇ ಎಂದು ತಿಂಗಳು ತಿಂಗಳು ತಾಳೆ ನೋಡಬೇಕು.

ತಾರೀಖು ತಪ್ಪಿದರೆ ಏನಾಗುತ್ತದೆ ಎಂಬುದು ಈ ದಾರಿಯ ಅತಿ ಕಠಿಣ ಭಾಗ. ಒಂದು ಏರ್‌ಲೈನ್ಸ್‌ಗೆ ನೇರವಾಗಿ ಬಾಕಿ ಇದ್ದರೆ ಆ ಒಂದು ಮನೆಯವರೊಂದಿಗೆ ಮಾತಾಡಿಕೊಳ್ಳಬಹುದು. ಕ್ಯಾಸ್‌ನಲ್ಲಿ ಬಾಕಿ ಬಿದ್ದರೆ ಮೊದಲು ನೋಟಿಸ್ ಬರುತ್ತದೆ, ಆಗಲೂ ಕಟ್ಟದಿದ್ದರೆ ನಿಮ್ಮನ್ನು ಡಿಫಾಲ್ಟ್ ಎಂದು ಸಾರುತ್ತಾರೆ. ಅಲ್ಲಿಂದ ಮುಂದೆ ಅದರಲ್ಲಿರುವ ಎಲ್ಲ ಏರ್‌ಲೈನ್ಸ್‌ಗೂ ನೀವು ನಗದು ಗಿರಾಕಿ. ಮೇಲೆ ಹೇಳಿದ ಮೆಣಸಿನಕಾಯಿಯ ಕಥೆಯಲ್ಲಿ ಆ ಏಜೆಂಟ್‌ಗೆ ಆಗಿದ್ದು ಇದೇ.

ಇಷ್ಟೆಲ್ಲ ಹೇಳಿದರೂ ಕ್ಯಾಸ್ ಬಗ್ಗೆ ನನಗೆ ಗೌರವವಿದೆ. ಲೆಕ್ಕ ಬರೆಯುವವರಿಗೆ ಅದು ದೊಡ್ಡ ಉಪಕಾರ. ಆರು ಏರ್‌ಲೈನ್ಸ್‌ನ ಆರು ನಮೂನೆಯ ಬಿಲ್, ಆರು ಗಡುವು, ಆರು ಕಡೆ ಫೋನ್ ಎಲ್ಲ ಹೋಗಿ ಒಂದೇ ಕ್ರಮದ ಲೆಕ್ಕ ಉಳಿಯುತ್ತದೆ. ಕ್ಯಾಸ್‌ಲಿಂಕ್ ಎಂಬ ಜಾಲದಲ್ಲಿ ಪ್ರತಿ ಏರ್‌ವೇ ಬಿಲ್ಲನ್ನೂ ತೆರೆದು ನೋಡಬಹುದು. ನೋಡಲೇಬೇಕು, ಏಕೆಂದರೆ ತಪ್ಪುಗಳು ಇದ್ದೇ ಇರುತ್ತವೆ.

ತೂಕದಲ್ಲಿ ಹೆಚ್ಚು ತಪ್ಪಾಗುತ್ತದೆ. ನಮ್ಮ ಸಿದ್ಧ ಉಡುಪಿನ ಪೆಟ್ಟಿಗೆ ನೋಡಿ: 60, 40, 40 ಸೆಂಟಿಮೀಟರ್. ಗುಣಿಸಿ 6000ದಿಂದ ಭಾಗಿಸಿದರೆ 16 ಕಿಲೋ, ಇದು ಗಾತ್ರದ ಲೆಕ್ಕದ ತೂಕ. ತಕ್ಕಡಿಯಲ್ಲಿ ತೂಗಿದರೆ 11 ಕಿಲೋ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಇಪ್ಪತ್ತು ಪೆಟ್ಟಿಗೆಗೆ 220 ಅಲ್ಲ, 320 ಕಿಲೋ. ಕಿಲೋಗೆ 100 ರೂಪಾಯಿ ಎಂದರೂ 10,000 ರೂಪಾಯಿಯ ವ್ಯತ್ಯಾಸ. ಟರ್ಮಿನಲ್‌ನಲ್ಲಿ ಪೆಟ್ಟಿಗೆ ಉಬ್ಬಿಕೊಂಡು ಅಳತೆ ಎರಡು ಸೆಂಟಿಮೀಟರ್ ಹೆಚ್ಚು ಬಂದರೆ ಬಿಲ್ ಇನ್ನಷ್ಟು ಏರುತ್ತದೆ. ನೀವು ಕಳಿಸಿದ ಎಲೆಕ್ಟ್ರಾನಿಕ್ ಏರ್‌ವೇ ಬಿಲ್‌ನಲ್ಲಿ ಒಂದು ತೂಕ, ಸರಕು ಸ್ವೀಕರಿಸಿದಾಗ ಅವರು ದಾಖಲಿಸಿದ ತೂಕ ಇನ್ನೊಂದು. ಅಳತೆ ಪಟ್ಟಿ ಹಿಡಿದ ಫೋಟೊವನ್ನು ಇಲ್ಲೇ, ಲೋಡ್ ಮಾಡುವಾಗಲೇ ತೆಗೆದಿಡಿ.

ಇನ್ನೊಂದು ತಪ್ಪು ಮೆಟ್ಟಿಲ ಹತ್ತಿರ ಆಗುತ್ತದೆ. 42 ಕಿಲೋಗೆ ಸಾಮಾನ್ಯ ದರ 200 ಎಂದರೆ 8,400. ಅದೇ 45ರ ಮೆಟ್ಟಿಲಿನ ದರ 150 ಇದ್ದರೆ, 45 ಕಿಲೋ ಎಂದೇ ಬಿಲ್ ಮಾಡಿದರೂ 6,750. ಕಡಿಮೆಯಾದದ್ದನ್ನೇ ಹಾಕಬೇಕೆಂಬುದು ಈ ವ್ಯವಹಾರದ ರೂಢಿ. ಆದರೂ 8,400 ಎಂದು ಬಂದ ಬಿಲ್ ನೋಡಿದ್ದೇನೆ. ಇಂಥ ತಪ್ಪು ತಿದ್ದಲು ಏರ್‌ಲೈನ್ಸ್ ಸಿಸಿಎ ಎಂಬ ತಿದ್ದುಪಡಿ ಪತ್ರ ಹೊರಡಿಸಬೇಕು. ಬಿಲ್ ಮುಚ್ಚುವ ಮೊದಲು ಕೇಳಿದರೆ ಸುಲಭ, ಕಟ್ಟಿಯಾದ ಮೇಲೆ ಮುಂದಿನ ಅವಧಿಗಳವರೆಗೆ ಎಳೆಯುತ್ತದೆ. 'ತಕರಾರು ಇದೆ, ಹಾಗಾಗಿ ಬಿಲ್ಲೇ ಕಟ್ಟಲ್ಲ' ಎನ್ನುವ ಹಟ ಇಲ್ಲಿ ನಡೆಯುವುದಿಲ್ಲ. ಅದು ಸೀದಾ ನೋಟಿಸ್‌ಗೆ ಒಯ್ಯುತ್ತದೆ.

ನಡುವಿನ ದಾರಿ

ಕ್ಯಾಸ್ ಅಸೋಸಿಯೇಟ್ ಎಂಬುದೊಂದಿದೆ, ನಮ್ಮ ಕಡೆ ಕೇಳಿದವರು ಕಡಿಮೆ. ಐಯಾಟಾ ಏಜೆಂಟ್ ಅಲ್ಲದ ಫಾರ್ವರ್ಡರ್ ಬಿಲ್ಲಿಂಗ್ ಮತ್ತು ಪಾವತಿಗೆ ಮಾತ್ರ ಕ್ಯಾಸ್‌ನೊಳಗೆ ಬರುವ ವ್ಯವಸ್ಥೆ ಅದು. ಏಜೆಂಟ್ ಎಂಬ ಮಾನ್ಯತೆ ಸಿಗುವುದಿಲ್ಲ, ಆದರೆ ಒಂದೇ ಬಿಲ್, ಒಂದೇ ಪಾವತಿಯ ಅನುಕೂಲ ಸಿಗುತ್ತದೆ. ಗಡುವಿನ ಬಿಗಿ ಮಾತ್ರ ಅಷ್ಟೇ. ಎರಡು ಮೂರು ಏರ್‌ಲೈನ್ಸ್‌ನೊಂದಿಗೆ ಈಗಾಗಲೇ ನೇರ ವ್ಯವಹಾರವಿರುವವರು ಇದನ್ನು ವಿಚಾರಿಸಬೇಕು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಒಂದೆರಡರ ಲೆಕ್ಕದಲ್ಲಿ ಹೊರದೇಶಕ್ಕೆ ಮಾರುವವರಿಗೆ ಈ ಯಾವುದೂ ಬೇಡ. ಅವರಿಗೆ ಕೊರಿಯರ್, ಇಲ್ಲವೇ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ಸಾಕು. ಕೊರಿಯರ್‌ನವರು ಸಾಮಾನ್ಯವಾಗಿ 6000ದ ಬದಲು 5000ದಿಂದ ಭಾಗಿಸುತ್ತಾರೆ ಎಂಬುದನ್ನು ನೆನಪಿಟ್ಟು ಪೆಟ್ಟಿಗೆ ಚಿಕ್ಕದಾಗಿಸಿ.

ನನ್ನ ಅಭಿಪ್ರಾಯ

ಮೂರಕ್ಕಿಂತ ಹೆಚ್ಚು ಏರ್‌ಲೈನ್ಸ್, ವರ್ಷವಿಡೀ ನಿಲ್ಲದ ಸರಕು, ಎರಡು ಅವಧಿಯ ಬಿಲ್ಲನ್ನು ಕೈಯಿಂದಲೇ ಕಟ್ಟುವಷ್ಟು ಬಂಡವಾಳ. ಈ ಮೂರೂ ಇದ್ದರೆ ಐಯಾಟಾ ಕೋಡ್‌ಗೆ ಅರ್ಜಿ ಹಾಕಿ, ತಡಮಾಡಬೇಡಿ. ಮೂರರಲ್ಲಿ ಬಂಡವಾಳ ಒಂದೇ ಕಡಿಮೆಯಿದ್ದರೂ ಬೇಡ. ದಾಳಿಂಬೆಯಂತೆ ಹಂಗಾಮಿನ ಮಾಲು ನಂಬಿದವರಿಗೆ ವರ್ಷದ ಅರ್ಧ ಗ್ಯಾರಂಟಿಯ ಖರ್ಚು ಸುಮ್ಮನೆ ಹೋಗುತ್ತದೆ. ಅವರಿಗೆ ನಂಬಿಕಸ್ಥ ಕನ್ಸಾಲಿಡೇಟರೇ ಸರಿ, ಅದೂ ಇಬ್ಬರನ್ನು ಇಟ್ಟುಕೊಳ್ಳಬೇಕು.

ಆ ಹುಡುಗನ ಪುಸ್ತಕ ತೆಗೆಸಿ ನೋಡಿದೆ. ಏರ್‌ಲೈನ್ಸ್ ಎರಡು, ಜೂನ್‌ನಿಂದ ಆಗಸ್ಟ್‌ವರೆಗೆ ಹೆಚ್ಚುಕಡಿಮೆ ಖಾಲಿ, ರಫ್ತುದಾರರಿಂದ ಬರಬೇಕಾದ ಬಾಕಿಯಲ್ಲಿ ಅರ್ಧ ಅರವತ್ತು ದಿನ ದಾಟಿದ್ದು. ಕೋಡ್ ವಿಚಾರ ಬದಿಗಿಟ್ಟು ಆ ಬಾಕಿಯ ಪಟ್ಟಿ ಮಾಡಿಸಿದೆ. ಎರಡು ಹೆಸರಿನ ಮುಂದೆ ಗೆರೆ ಎಳೆದು, "ನಾಳೆ ಬೆಳಿಗ್ಗೆ ಇವರ ಮನೆಗೆ ಹೋಗಿ ಕೂತ್ಕೋ, ದುಡ್ಡು ತಗೊಂಡೇ ಏಳು" ಎಂದೆ. ಸಂಜೆಯ ಬಸ್ಸಿಗೆ ಚಿತ್ರದುರ್ಗಕ್ಕೆ ಹೊರಟ. ಮೊನ್ನೆ ಫೋನ್ ಮಾಡಿದ್ದ, ಒಬ್ಬರು ಕೊಟ್ಟರಂತೆ.